ಹೋಂಸ್ಟೇಗೆ ಗೆಸ್ಟ್ ವೈ-ಫೈ: ಹೆಸರು ಬೇರೆ, ಪಾಸ್‌ವರ್ಡ್ ಬೇರೆ, ಆದರೂ ಕ್ಯಾಮೆರಾ ಪುಟ ತೆರೆಯುತ್ತೆ

ಏಲಕ್ಕಿಗಿಡ (ಆಲ್ದೂರು):

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕು ಆಲ್ದೂರು ಹತ್ತಿರ ತೋಟದ ಮನೆ, ಅಲ್ಲಿಂದ 60 ಮೀಟರ್ ಕೆಳಗೆ ಎರಡು ರೂಮಿನ ಹೋಂಸ್ಟೇ ಕಾಟೇಜ್. ಮನೆಗೆ 100 ಎಂಬಿಪಿಎಸ್ ಫೈಬರ್ ಬಂದಿದೆ. ಕಂಪನಿಯವರು ಕೊಟ್ಟ ಓಎನ್‌ಟಿ (ವೈ-ಫೈ ಸೇರಿರುವ ಡಬ್ಬಿ) ಆಫೀಸ್ ರೂಮಲ್ಲಿದೆ, ವಿಳಾಸ 192.168.1.1. ಅದರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಪೋರ್ಟುಗಳಿಗೆ ಸಿಸಿಟಿವಿ ಎನ್‌ವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡೋ ಡಬ್ಬಿ, 192.168.1.50), ಪ್ರಿಂಟರ್, ಲೆಕ್ಕದ ಕಂಪ್ಯೂಟರ್ ಸಿಕ್ಕಿಸಿದೆ.

ಅತಿಥಿಗಳಿಗೆ ಬೇರೆ ವೈ-ಫೈ ಕೊಡೋಣ ಅಂತ ಮೊದಲು ಓಎನ್‌ಟಿಯಲ್ಲೇ ಎಸ್‌ಎಸ್‌ಐಡಿ2 (ಎರಡನೇ ವೈ-ಫೈ ಹೆಸರು) ಆನ್ ಮಾಡಿ ಹೊಸ ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟೆ. ಅದಕ್ಕೆ ಸೇರಿಕೊಂಡು ಬ್ರೌಸರಲ್ಲಿ 192.168.1.50 ಅಂತ ಹೊಡೆದರೆ ಎನ್‌ವಿಆರ್ ಲಾಗಿನ್ ಪುಟ ಬರುತ್ತೆ. ಆಮೇಲೆ ಟಿಪಿ-ಲಿಂಕ್ ಆರ್ಚರ್ ಸಿ6 ರೂಟರ್ ತಂದು ಕಾಟೇಜಲ್ಲಿಟ್ಟೆ. ಓಎನ್‌ಟಿಯಿಂದ ಹೊರಗಡೆ ಕ್ಯಾಟ್6 ಕೇಬಲ್ ಎಳೆದು ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಬರೋ ಪೋರ್ಟು) ಕೊಟ್ಟು, 'ಗೆಸ್ಟ್ ನೆಟ್‌ವರ್ಕ್' ಆನ್ ಮಾಡಿದೆ. 'ಲೋಕಲ್ ನೆಟ್‌ವರ್ಕ್ ನೋಡಲು ಬಿಡು' ಅನ್ನೋ ಟಿಕ್ ತೆಗೆದೇ ಇದೆ. ಆದರೂ ಅದೇ ಪುಟ ತೆರೆಯುತ್ತೆ! ಇದು ಹೇಗೆ ಸಾಧ್ಯ? ಜೊತೆಗೆ, ಅತಿಥಿಗಳಿಗೆ ಸ್ಪೀಡ್ ಮಿತಿ ಹಾಕೋದು ಹೇಗೆ, ಪಾಸ್‌ವರ್ಡ್ ಪ್ರತಿ ಸಲ ಬದಲಾಯಿಸಬೇಕಾ, ಅದನ್ನೂ ತಿಳಿಸಿ.


ಎರಡನೇ_ರೂಟರ್:

ಗೆಸ್ಟ್ ನೆಟ್‌ವರ್ಕ್ ಸರಿಯಾಗೇ ಕೆಲಸ ಮಾಡ್ತಿದೆ ಸಾರ್. ರೂಟರ್ ಕೂತಿರೋ ಜಾಗ ತಿರುಗುಮುರುಗಾಗಿದೆ, ಅಷ್ಟೇ.

ಓಎನ್‌ಟಿಯ ಎಸ್‌ಎಸ್‌ಐಡಿ2 ವಿಷಯ ಮೊದಲು. ಬಹಳಷ್ಟು ಓಎನ್‌ಟಿಗಳಲ್ಲಿ ಅದು ಗೆಸ್ಟ್ ನೆಟ್‌ವರ್ಕೇ ಅಲ್ಲ, ಒಂದೇ ಅಂಗಳಕ್ಕೆ ಇನ್ನೊಂದು ಬಾಗಿಲು. ಯಾವ ಬಾಗಿಲಿಂದ ಬಂದರೂ 192.168.1 ಸರಣಿಯ ವಿಳಾಸವೇ ಸಿಗುತ್ತೆ, ಎಲ್ಲರೂ ಒಂದೇ ಲ್ಯಾನ್. 'ಎಪಿ ಐಸೊಲೇಷನ್' ಅನ್ನೋ ಆಯ್ಕೆ ಇದ್ದರೂ ಅದು ಸಾಮಾನ್ಯವಾಗಿ ವೈ-ಫೈ ಫೋನಿಂದ ವೈ-ಫೈ ಫೋನಿಗೆ ಹೋಗೋದನ್ನಷ್ಟೇ ತಡೆಯುತ್ತೆ. ಕೇಬಲ್ಲಲ್ಲಿರೋ ಎನ್‌ವಿಆರ್‌ಗೆ ಆ ಬೇಲಿ ಇಲ್ಲ.

ಆರ್ಚರ್ ವಿಷಯ ಬೇರೆ. ಅದರ ಲೆಕ್ಕದಲ್ಲಿ ಲ್ಯಾನ್ ಪೋರ್ಟಿನ ಕಡೆ ಇರೋದಷ್ಟೇ 'ಮನೆ', ವ್ಯಾನ್ ಪೋರ್ಟಿನಾಚೆ ಇರೋದೆಲ್ಲ 'ಇಂಟರ್ನೆಟ್'. ಅತಿಥಿಯ ಫೋನು 192.168.1.50 ಕೇಳಿದಾಗ, ಆರ್ಚರ್ ತನ್ನ 192.168.0 ಸರಣಿಯಲ್ಲಿ ಅದಿಲ್ಲ ಅಂತ ನೋಡಿ ಹೊರಗೆ ಕಳಿಸುತ್ತೆ. ಹೊರಗೆ ಮೊದಲು ಸಿಗೋದೇ ನಿಮ್ಮ ಓಎನ್‌ಟಿಯ ಲ್ಯಾನು. ಗೆಸ್ಟ್ ನೆಟ್‌ವರ್ಕ್ ಕಾಯ್ತಿರೋದು ಕಾಟೇಜಿನ ಖಾಲಿ ಮನೆಯನ್ನ. ಕಾಯಬೇಕಾದ ಸಾಮಾನೆಲ್ಲ ಬೇಲಿಯ ಆಚೆ ಬಿದ್ದಿದೆ.

ಹಾಗಾಗಿ ತಿರುಗಿಸಿ. ಅತಿಥಿಗಳು ಹೊರಗಿನ ರೂಟರಲ್ಲಿ (ಓಎನ್‌ಟಿ), ಮನೆಯ ಸಾಮಾನು ಒಳಗಿನ ರೂಟರ್ ಹಿಂದೆ. ಹೊರಗಿಂದ ಒಳಗೆ ತಾನಾಗೇ ಬರೋ ಸಂಪರ್ಕವನ್ನ ಒಳಗಿನ ರೂಟರಿನ ಫೈರ್‌ವಾಲ್ ಬಿಡಲ್ಲ, ಅದಕ್ಕೆ ಗೆಸ್ಟ್ ಸೆಟ್ಟಿಂಗೂ ಬೇಕಿಲ್ಲ.

ಆರ್ಚರನ್ನ ಕಾಟೇಜಿಂದ ಆಫೀಸ್ ರೂಮಿಗೆ ತನ್ನಿ. ಓಎನ್‌ಟಿಯ ಲ್ಯಾನ್1ರಿಂದ ಆರ್ಚರಿನ ವ್ಯಾನಿಗೆ ಒಂದು ಮೀಟರ್ ಪ್ಯಾಚ್ ಕೇಬಲ್. ಅದು ರೂಟರ್ ಮೋಡಲ್ಲೇ ಇರಲಿ, ಆಕ್ಸೆಸ್ ಪಾಯಿಂಟ್ ಮೋಡಿಗೆ (ಬರೀ ವೈ-ಫೈ ಹರಡೋ ಕೆಲಸ) ಹಾಕಿದರೆ ಬೇಲಿಯೇ ಮಾಯ. ಎನ್‌ವಿಆರ್, ಪ್ರಿಂಟರ್, ಕಂಪ್ಯೂಟರ್ ಮೂರನ್ನೂ ಓಎನ್‌ಟಿಯಿಂದ ಕಿತ್ತು ಆರ್ಚರಿನ ಲ್ಯಾನ್ ಪೋರ್ಟಿಗೆ ಹಾಕಿ. ಮನೆಯವರ ಫೋನುಗಳೆಲ್ಲ ಇನ್ನು ಮೇಲೆ ಆರ್ಚರಿನ ವೈ-ಫೈಗೆ. ಓಎನ್‌ಟಿಯ ಹಳೇ ವೈ-ಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಿಸಿ ಅತಿಥಿಗಳಿಗೆ ಬಿಡಿ.

ಇಲ್ಲಿ ಎಡವೋ ಜಾಗ ಎನ್‌ವಿಆರ್. ಅದಕ್ಕೆ 192.168.1.50 ಅಂತ ಕೈಯಾರೆ ಕೊಟ್ಟಿರ್ತಾರೆ. ಕೇಬಲ್ ಬದಲಿಸಿದ ಮೇಲೆ ಅದು ಆಫ್‌ಲೈನ್ ಅಂತ ತೋರಿಸುತ್ತೆ, ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳಬೇಡಿ. ಮಾನಿಟರ್ ಸಿಕ್ಕಿಸಿ, ನೆಟ್‌ವರ್ಕ್ ಪುಟದಲ್ಲಿ ವಿಳಾಸ 192.168.0.50, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.0.1, ಡಿಎನ್‌ಎಸ್ ಕೂಡ 192.168.0.1 ಅಂತ ಬದಲಿಸಿ. ಕ್ಯಾಮೆರಾಗಳು ಎನ್‌ವಿಆರ್ ಬೆನ್ನಿನ ಪಿಒಇ (ಕೇಬಲಲ್ಲೇ ಕರೆಂಟೂ ಕೊಡೋ) ಪೋರ್ಟಿಗೇ ನೇರ ಬಂದಿದ್ದರೆ ಅವನ್ನ ಮುಟ್ಟಬೇಕಿಲ್ಲ. ಬೇರೆ ಸ್ವಿಚ್ ಮೂಲಕ ಬಂದಿದ್ದರೆ ಆ ಸ್ವಿಚ್ಚನ್ನೂ ಆರ್ಚರಿಗೆ ಸೇರಿಸಿ, ಪ್ರತಿ ಕ್ಯಾಮೆರಾದ ವಿಳಾಸವನ್ನೂ ಬದಲಿಸಬೇಕು. ಕ್ಯಾಮೆರಾಗಳ ವಿಳಾಸ ಮೊದಲು, ಎನ್‌ವಿಆರ್‌ದು ಕೊನೆಗೆ. ಈ ಕ್ರಮ ತಪ್ಪಿದರೆ ಒಂದೂ ಇನ್ನೊಂದಕ್ಕೆ ಸಿಗಲ್ಲ.

ಮೊಬೈಲ್ ಆ್ಯಪಲ್ಲಿ ಕ್ಯಾಮೆರಾ ನೋಡೋದಕ್ಕೆ ತೊಂದರೆ ಇಲ್ಲ, ಎನ್‌ವಿಆರ್ ತಾನೇ ಹೊರಗೆ ಹೋಗಿ ಕ್ಲೌಡಿಗೆ ಸೇರಿಕೊಳ್ಳುತ್ತೆ. ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿಂದ ಎನ್‌ವಿಆರ್‌ಗೆ ನೇರ ದಾರಿ ತೆರೆದು) ನೋಡ್ತಿದ್ದರೆ ಮಾತ್ರ ಎರಡೂ ರೂಟರಲ್ಲಿ ಮಾಡಬೇಕಾಗುತ್ತೆ. ಅದನ್ನ ಕೈಬಿಡೋದೇ ಒಳ್ಳೇದು. ಓಎನ್‌ಟಿಗೆ ಸಿಕ್ಕಿಸಿದ ಲ್ಯಾಂಡ್‌ಲೈನ್ ಫೋನು, ಟಿವಿ ಬಾಕ್ಸ್ ಇದ್ದರೆ ಅಲ್ಲೇ ಇರಲಿ.

ಇನ್ನು ಹೊರಗಡೆ ಅತಿಥಿಗಳ ಕೈಗೆ ಸಿಗೋದು ಓಎನ್‌ಟಿಯ ಅಡ್ಮಿನ್ ಪುಟ ಒಂದೇ. ಡಬ್ಬಿಯ ಅಡಿಯ ಸ್ಟಿಕ್ಕರಲ್ಲಿರೋ ಪಾಸ್‌ವರ್ಡನ್ನ ಇವತ್ತೇ ಬದಲಿಸಿ, ಡಬ್ಲ್ಯೂಪಿಎಸ್ (ಬಟನ್ ಒತ್ತಿ ಅಥವಾ ಪಿನ್ ಕೊಟ್ಟು ಸೇರೋ ಸೌಲಭ್ಯ) ಆಫ್ ಮಾಡಿ, ರಿಮೋಟ್ ಮ್ಯಾನೇಜ್‌ಮೆಂಟ್ ನೀವೇ ಆನ್ ಮಾಡಿದ್ದರೆ ಅದನ್ನೂ ಆಫ್ ಮಾಡಿ. ಓಎನ್‌ಟಿಯ 'ಎಪಿ ಐಸೊಲೇಷನ್' ಈಗ ಆನ್ ಇರಲಿ, ಒಬ್ಬ ಅತಿಥಿಯ ಲ್ಯಾಪ್‌ಟಾಪ್ ಇನ್ನೊಬ್ಬರ ಫೋನಿಗೆ ಕಾಣೋದು ಬೇಡ.


ರೊಬಸ್ಟಾ_ಅರೇಬಿಕಾ:

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ದಾರಿಯೂ ಇದೆ: ಓಎನ್‌ಟಿಯನ್ನ ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಲೈನನ್ನ ಹಾಗೇ ದಾಟಿಸೋದು) ಹಾಕಿ, ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗೋ) ಯೂಸರ್ ನೇಮ್, ಪಾಸ್‌ವರ್ಡನ್ನ ಆರ್ಚರಿಗೇ ಕೊಡೋದು. ಆಗ ಆರ್ಚರಿನಾಚೆ ಮನೆಯ ಸಾಮಾನೇನೂ ಉಳಿಯಲ್ಲ, ಅದರ ಗೆಸ್ಟ್ ನೆಟ್‌ವರ್ಕ್ ಪೂರ್ತಿ ಕೆಲಸ ಮಾಡುತ್ತೆ. ಎಲ್ಲ ಕಂಪನಿಗಳೂ ಇದಕ್ಕೆ ಒಪ್ಪಲ್ಲ, ಮೊದಲು ಕೇಳಿ ನೋಡಿ. ಒಂದೇ ಕಟ್ಟಡದ ಮನೆಯಾಗಿದ್ದರೆ ನಾನು ಇದನ್ನೇ ಹೇಳ್ತಿದ್ದೆ. ಆದರೆ ಆರ್ಚರ್ ಆಫೀಸಲ್ಲಿದ್ದರೆ ಅದರ ಗೆಸ್ಟ್ ಸಿಗ್ನಲ್ 60 ಮೀಟರ್ ಆಚೆಯ ಕಾಟೇಜಿಗೆ ಮುಟ್ಟಲ್ಲ, ಕೇಬಲಲ್ಲಿ ಕಳಿಸಿದರೆ ಹೋಗೋದು ಮನೆಯ ಲ್ಯಾನೇ. ನಿಮ್ಮ ಜಾಗಕ್ಕೆ ತಿರುಗಿಸೋದೇ ವಾಸಿ.

ಕಾಟೇಜಿಗೆ ಈಗ ಇನ್ನೊಂದು ಸಾಧನ ಬೇಕಲ್ಲ, ಅದಕ್ಕೆ ಮತ್ತೆ ಮನೆ ರೂಟರ್ ತರೋ ಬದಲು ಟಿಪಿ-ಲಿಂಕಿನ ಓಮಡಾ ಸರಣಿಯ ಆಕ್ಸೆಸ್ ಪಾಯಿಂಟ್ ನೋಡಿ. ಇಎಪಿ110-ಔಟ್‌ಡೋರ್ ಬರೀ 2.4 ಗಿಗಾಹರ್ಟ್ಸ್, ಇಎಪಿ225-ಔಟ್‌ಡೋರ್ ಎರಡೂ ಬ್ಯಾಂಡ್. ಜೊತೆಗೆ ಬರೋ ಪಿಒಇ ಅಡಾಪ್ಟರಿಂದ ನೆಟ್‌ವರ್ಕ್ ಕೇಬಲಲ್ಲೇ ಕರೆಂಟೂ ಹೋಗುತ್ತೆ. ಎರಡು ಕಾರಣಕ್ಕೆ ಇದು ಒಳ್ಳೇದು. ಒಂದು, ಇದರಲ್ಲಿ ಎಸ್‌ಎಸ್‌ಐಡಿಗೆ 'ಗೆಸ್ಟ್ ನೆಟ್‌ವರ್ಕ್' ಟಿಕ್ ಹಾಕಿದರೆ 10, 172.16ರಿಂದ 172.31, 192.168 ಈ ಖಾಸಗಿ ವಿಳಾಸಗಳನ್ನೆಲ್ಲ ಅದೇ ತಡೆಯುತ್ತೆ, ಅದು ಯಾವ ರೂಟರಿನ ಹಿಂದೆ ಕೂತಿದ್ದರೂ ಸರಿ. ಓಎನ್‌ಟಿಯ ಅಡ್ಮಿನ್ ಪುಟವೂ ಕಾಟೇಜಿನವರಿಗೆ ಮುಚ್ಚಿಕೊಳ್ಳುತ್ತೆ. ಎರಡು, 'ರೇಟ್ ಲಿಮಿಟ್' ಇದೆ.

ಸ್ಪೀಡ್ ಮಿತಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಗಮನಿಸಿ, ತಿರುಗಿಸಿದ ಮೇಲೆ ಆರ್ಚರಿನ ಕ್ಯೂಒಎಸ್ (ಸ್ಪೀಡ್ ಹಂಚೋ ಸೆಟ್ಟಿಂಗ್) ಅತಿಥಿಗಳನ್ನ ತಡೆಯಲ್ಲ, ಅವರ ಡೇಟಾ ಅದರ ಮೂಲಕ ಹಾದು ಹೋಗೋದೇ ಇಲ್ಲ. ಮಿತಿ ಹಾಕಬೇಕಾದದ್ದು ಕಾಟೇಜಿನ ಸಾಧನದಲ್ಲಿ. ಒಂದು ಫೋನಿಗೆ ಡೌನ್‌ಲೋಡ್ 10 ಎಂಬಿಪಿಎಸ್, ಅಪ್‌ಲೋಡ್ 3 ಎಂಬಿಪಿಎಸ್ ಸಾಕು. 1080ಪಿ ವಿಡಿಯೊಗೆ 5 ಎಂಬಿಪಿಎಸ್ ಆಸುಪಾಸು ಬೇಕಾಗೋದು. ರೂಟರ್ ಪುಟದಲ್ಲಿ ಮಿತಿ ಕೆಬಿಪಿಎಸ್‌ನಲ್ಲಿ ಕೇಳಿದರೆ 10 ಎಂಬಿಪಿಎಸ್ ಅಂದರೆ 10240 ಅಂತ ಹಾಕಿ, ಬರೀ 10 ಅಂತ ಹಾಕಿದರೆ ವಾಟ್ಸ್ಆ್ಯಪ್ ಕೂಡ ತೆರೆಯಲ್ಲ. ಅಪ್‌ಲೋಡ್ ಮಿತಿಯನ್ನ ಮಾತ್ರ ಮರೆಯಬೇಡಿ. ಎಲ್ಲರೂ ಡೌನ್‌ಲೋಡನ್ನೇ ನೋಡ್ತಾರೆ, ಲೈನ್ ಕಟ್ಟಿಕೊಳ್ಳೋದು ಮುಳ್ಳಯ್ಯನಗಿರಿ ಹತ್ತಿ ಬಂದವರ ನಾಲ್ಕು ಫೋನು ಸಂಜೆ ಒಟ್ಟಿಗೆ ವಿಡಿಯೊ ಬ್ಯಾಕಪ್ ಶುರು ಮಾಡಿದಾಗ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡಿನ ಉತ್ತರಗಳೂ ಸರತಿಯಲ್ಲಿ ಕಾಯುತ್ತವೆ, ಸ್ಪೀಡ್ ಟೆಸ್ಟ್ ಚೆನ್ನಾಗಿದ್ದರೂ ಕಾಲ್ ಮುರಿಮುರಿದು ಬರುತ್ತೆ.


ಸಿಂಗಲ್‌ಮೋಡ್:

ಯಾರೂ ಆ 60 ಮೀಟರ್ ಕೇಬಲ್ ಬಗ್ಗೆ ಮಾತಾಡಲಿಲ್ಲ. ಉದ್ದ ಸರಿ ಇದೆ, ಕ್ಯಾಟ್6 ನೂರು ಮೀಟರಿನವರೆಗೂ ಓಡುತ್ತೆ. ಭಯ ಇರೋದು ಸಿಡಿಲಿಂದ. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಸಿಡಿಲು ಕೇಬಲಿಗೇ ಹೊಡೀಬೇಕಂತಿಲ್ಲ, ಹತ್ತಿರದ ಸಿಲ್ವರ್ ಓಕ್‌ಗೆ ಬಿದ್ದರೂ ಬಯಲಲ್ಲಿ ತೂಗುವ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಎದ್ದು ಎರಡೂ ತುದಿಯ ಪೋರ್ಟ್ ಸುಡುತ್ತೆ. ಎರಡು ಕಟ್ಟಡದ ಅರ್ತಿಂಗ್ ಬೇರೆ ಬೇರೆ ಇದ್ದರೆ ಇನ್ನೂ ಕಷ್ಟ.

ತಾಮ್ರ ತೆಗೆದು ಅದೇ ದಾರಿಯಲ್ಲಿ ಸಿಂಗಲ್ ಮೋಡ್ ಫೈಬರ್ ಡ್ರಾಪ್ ಕೇಬಲ್ ಎಳೆಯಿರಿ. ಮರಕ್ಕೆ ಸುತ್ತಲು, ಸಡಿಲ ಬಿಡಲು ಸೇರಿ 75 ಮೀಟರ್ ತನ್ನಿ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನ ನೆಟ್‌ವರ್ಕ್ ಕೇಬಲಿಗೆ ಬದಲಿಸೋ ಡಬ್ಬಿ). ಒಂದೇ ಎಳೆಯಲ್ಲಿ ಓಡುವ ಮಾದರಿ ಜೋಡಿಯಾಗಿ ಬರುತ್ತೆ: 'ಎ' ಮತ್ತು 'ಬಿ'. ಒಂದು 1310 ನ್ಯಾನೊಮೀಟರಲ್ಲಿ ಕಳಿಸಿ 1550ರಲ್ಲಿ ಕೇಳಿದರೆ ಇನ್ನೊಂದು ಅದರ ಉಲ್ಟಾ. ಅಂಗಡಿಯವರು ಎರಡೂ 'ಎ' ಕೊಟ್ಟುಬಿಟ್ಟರೆ ಲಿಂಕ್ ದೀಪ ಹತ್ತೋದೇ ಇಲ್ಲ, ಡಬ್ಬ ಬಿಡಿಸುವ ಮೊದಲೇ ನೋಡಿಕೊಳ್ಳಿ. ಕನೆಕ್ಟರ್ ಬಣ್ಣವೂ ಮುಖ್ಯ. ಓಎನ್‌ಟಿಗೆ ಬರೋದು ಸಾಮಾನ್ಯವಾಗಿ ಹಸಿರು, ಅದರ ತುದಿ ಓರೆಯಾಗಿ ಕೊಯ್ದಿರುತ್ತೆ. ಮೀಡಿಯಾ ಕನ್ವರ್ಟರಿಗೆ ಬೇಕಾದ್ದು ಸಾಮಾನ್ಯವಾಗಿ ನೀಲಿ. ಹಸಿರನ್ನ ನೀಲಿಗೆ ತುರುಕಿದರೆ ಕೂತುಕೊಳ್ಳುತ್ತೆ, ಆದರೆ ಬೆಳಕು ಸೋರುತ್ತೆ, ತುದಿಯೂ ಗೀಚಿಹೋಗುತ್ತೆ.

ಡ್ರಾಪ್ ಕೇಬಲಿನ ಪಕ್ಕದಲ್ಲಿ ಉಕ್ಕಿನ ತಂತಿ ಇರುತ್ತೆ. ಗೋಡೆಯ ಹೊರಗೇ ಕೊಕ್ಕೆಗೆ ಬಿಗಿದು ಅಲ್ಲೇ ಕತ್ತರಿಸಿ, ಒಳಗೆ ಬರೋದು ಬರೀ ಎಳೆ ಇರಲಿ. ತಿರುವಿನಲ್ಲಿ ಕೇಬಲನ್ನ ಮೂಲೆಗೆ ಮಡಚಬೇಡಿ, ದೋಸೆ ತಟ್ಟೆಯಷ್ಟು ಅಗಲದ ಸುತ್ತು ಬಿಡಿ.

ಕರೆಂಟ್ ಬಗ್ಗೆಯೂ ಒಂದು ಮಾತು. ಈಗ ಓಎನ್‌ಟಿ, ಆರ್ಚರ್, ಎರಡು ಕನ್ವರ್ಟರ್, ಕಾಟೇಜಿನ ಆಕ್ಸೆಸ್ ಪಾಯಿಂಟ್, ಐದರಲ್ಲಿ ಯಾವುದು ಸತ್ತರೂ ಯಾರದಾದರೂ ನೆಟ್ ಹೋಗುತ್ತೆ. ಮನೆಯಲ್ಲಿ ಇನ್ವರ್ಟರ್ ಇದ್ದು ಕಾಟೇಜಲ್ಲಿ ಇಲ್ಲದಿದ್ದರೆ ಅಲ್ಲಿಗೆ ಮಿನಿ ಯುಪಿಎಸ್ ಬೇಕು. 8800 ಎಂಎಎಚ್ ಅಂತ ಬರೆದಿರೋದು ಒಳಗಿನ 3.7 ವೋಲ್ಟ್ ಲೆಕ್ಕ, ಅಂದರೆ 32 ವ್ಯಾಟ್-ಅವರ್. ಸೋರಿಕೆ ಕಳೆದು 27 ಸಿಗುತ್ತೆ. 9 ವ್ಯಾಟ್ ಎಳೆದರೆ ಮೂರು ಗಂಟೆ. ಇಎಪಿಗೆ 12 ವೋಲ್ಟ್ ನಡೆಯಲ್ಲ, 24 ವೋಲ್ಟ್ ಪಿಒಇ ಔಟ್ ಇರೋ ಮಿನಿ ಯುಪಿಎಸ್ಸನ್ನೇ ಕೇಳಿ ತನ್ನಿ.


ಬಿಎಂರೋಡ್_ಹಾಸನ:

ವೈ-ಫೈ ಸೆಟ್ಟಿಂಗ್ ಬಗ್ಗೆ ನನ್ನ ಪಾಲಿಂದ.

ಭದ್ರತೆ ಡಬ್ಲ್ಯೂಪಿಎ2, ಎಇಎಸ್. ಟಿಕೆಐಪಿ ಆಯ್ಕೆ ಬೇಡವೇ ಬೇಡ, ಅದರಲ್ಲಿ ವೇಗ 54 ಎಂಬಿಪಿಎಸ್ ದಾಟಲ್ಲ. ಡಬ್ಲ್ಯೂಪಿಎ3 ಮನೆಯ ಕಡೆಗೆ ಇಟ್ಟುಕೊಳ್ಳಿ. ಅತಿಥಿಗಳು ತರೋ ಹಳೇ ಫೋನುಗಳು ಅದಕ್ಕೆ ಸೇರದೆ ಒದ್ದಾಡುತ್ತವೆ. 2.4ರಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಹಾಕಬೇಡಿ, ಅಗಲ 20 ಮೆಗಾಹರ್ಟ್ಸ್. ಮನೆಗೆ 1, ಕಾಟೇಜಿಗೆ 11. ಹಳೇ ಮನೆಯ ಮಣ್ಣಿನ ಗೋಡೆ 5 ಗಿಗಾಹರ್ಟ್ಸನ್ನ ಎರಡೇ ಗೋಡೆಗೆ ನುಂಗುತ್ತೆ, ತಗಡಿನ ಮಾಡಂತೂ ಎರಡನ್ನೂ. ಆಕ್ಸೆಸ್ ಪಾಯಿಂಟನ್ನ ತಗಡಿನ ಕೆಳಗೆ, ರೂಮುಗಳ ಎದುರಿನ ಜಗಲಿಯಲ್ಲಿ ಹಾಕಿ.

ಡಿಎಚ್‌ಸಿಪಿ ಲೀಸ್ ಟೈಮ್ (ರೂಟರ್ ಒಂದು ಫೋನಿಗೆ ಕೊಟ್ಟ ಐಪಿ ವಿಳಾಸ ಎಷ್ಟು ಹೊತ್ತು ಅದರದ್ದೇ ಅನ್ನೋ ಲೆಕ್ಕ) ನೋಡಿ. ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ ಐಒಎಸ್ 14ರಿಂದ ಫೋನುಗಳು ಪ್ರತಿ ನೆಟ್‌ವರ್ಕಿಗೂ ಸುಳ್ಳು ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ತೋರಿಸುತ್ತವೆ. ಮ್ಯಾಕ್ ಫಿಲ್ಟರ್ ಹಾಕಿ ಅತಿಥಿಗಳನ್ನ ಆಳೋ ಯೋಚನೆ ಬಿಡಿ. ಲೀಸ್ ಮೂರು ದಿನ ಅಂತಿದ್ದರೆ, ಹೋದವರ ವಿಳಾಸಗಳೂ ಅಲ್ಲೇ ಕೂತಿರುತ್ತವೆ. ಕೆಲವು ಓಎನ್‌ಟಿಗಳಲ್ಲಿ ಪೂಲೇ ಮೂವತ್ತು ನಲವತ್ತು ವಿಳಾಸದ್ದು. ವಾರಾಂತ್ಯಕ್ಕೆ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಅಂತ ಸುತ್ತುತ್ತಾ ನಿಂತರೆ ಕಾರಣ ಇದೇ. ಲೀಸ್ 2 ಗಂಟೆ, ಪೂಲ್ 100ರಿಂದ 199.

ಕಾಟೇಜಿಗೆ ಅಗ್ಗಕ್ಕೆ ಟೆಂಡಾ ರೂಟರ್ ಹಾಕ್ತೀನಿ ಅನ್ನೋರಿಗೆ: ಅದರ ಗೆಸ್ಟ್ ನೆಟ್‌ವರ್ಕಲ್ಲಿ 'ವ್ಯಾಲಿಡಿಟಿ' ಅಂತ ಒಂದು ಆಯ್ಕೆ ಇದೆ. 8 ಗಂಟೆ ಅಂತಿದ್ದರೆ ನಡುರಾತ್ರಿ ಗೆಸ್ಟ್ ಹೆಸರೇ ಮಾಯ. 'ಆಲ್‌ವೇಸ್' ಮಾಡಿ. ಅತಿಥಿಗಳೆಲ್ಲರಿಗೂ ಸೇರಿ ಸ್ಪೀಡ್ ಮಿತಿ ಹಾಕೋದೂ ಅದೇ ಪುಟದಲ್ಲಿ.

ಪಾಸ್‌ವರ್ಡ್: ಪ್ರತಿ ಅತಿಥಿಗೂ ಬೇಡ, ತಿಂಗಳಿಗೊಮ್ಮೆ ಸಾಕು. ಇಂಗ್ಲಿಷ್ ಸಣ್ಣಕ್ಷರದಲ್ಲಿ ಎರಡು ಮೂರು ಕನ್ನಡ ಪದ ಸೇರಿಸಿ 12–14 ಅಕ್ಷರ. ಸೊನ್ನೆ, ಒಂದು ಬೇಡ. ಓ, ಎಲ್ ಜೊತೆ ಗೊಂದಲ. ಆಂಡ್ರಾಯ್ಡ್ 10 ಮೇಲ್ಪಟ್ಟ ಫೋನಲ್ಲಿ ವೈ-ಫೈ ಹೆಸರು ಒತ್ತಿ 'ಶೇರ್' ಅಂದರೆ ಕ್ಯೂಆರ್ ಬರುತ್ತೆ, ಪ್ರಿಂಟ್ ಹಾಕಿ ರೂಮಿನ ಬಾಗಿಲ ಹಿಂದೆ ಅಂಟಿಸಿ. ಪಾಸ್‌ವರ್ಡೇ ಇಲ್ಲದೆ ತೆರೆದಿಡೋದು ಮಾತ್ರ ಬೇಡ. ಕನೆಕ್ಷನ್ ನಿಮ್ಮ ಹೆಸರಲ್ಲಿದೆ, ಯಾರೋ ಏನೋ ಮಾಡಿದರೆ ಪೊಲೀಸರು ಮೊದಲು ಬರೋದು ನಿಮ್ಮಲ್ಲಿಗೆ. ದುಡ್ಡು ತೆಗೆದುಕೊಂಡು ವೈ-ಫೈ ಮಾರೋ ಆಲೋಚನೆ ಇದ್ದರೆ ಅದಕ್ಕೆ ಬೇರೆ ದಾರಿ ಇದೆ, ಕೇಂದ್ರ ಸಂಪುಟ 2020ರ ಡಿಸೆಂಬರಲ್ಲಿ ಒಪ್ಪಿದ ಪಿಎಂ-ವಾಣಿ ಅನ್ನೋ ಸಾರ್ವಜನಿಕ ವೈ-ಫೈ ಯೋಜನೆ.

ವೈ-ಫೈ ಹೆಸರನ್ನ ಕನ್ನಡದಲ್ಲಿ ಇಡಬಹುದಾ ಅಂತ ಕೆಲವರು ಕೇಳ್ತಾರೆ. ಇಡಬಹುದು, ರೂಟರ್ ಪುಟ ಒಪ್ಪಿದರೆ. ಮಿತಿ 32 ಬೈಟ್, ಕನ್ನಡದ ಪ್ರತಿ ಅಕ್ಷರ ಚಿಹ್ನೆಗೂ 3 ಬೈಟ್, ಗುಣಿತ ಒತ್ತು ಎಲ್ಲ ಬೇರೆ ಬೇರೆ ಎಣಿಕೆ. 'ಹಾಸನ' 12 ಬೈಟ್, ಆರಾಮಾಗಿ ಕೂರುತ್ತೆ. 'ಚಿಕ್ಕಮಗಳೂರು' 33. ಒಂದೇ ಒಂದು ಬೈಟಿಗೆ ಹೊರಗೆ.


ಏಲಕ್ಕಿಗಿಡ (ಆಲ್ದೂರು):

ತುಂಬ ಉಪಕಾರ. ಆರ್ಚರ್ ಆಫೀಸಿಗೆ ಬಂತು, ಎನ್‌ವಿಆರ್ ವಿಳಾಸ ಬದಲಿಸಿದೆ. ಇನ್ನೆರಡು ಅನುಮಾನ. ಕಾಟೇಜಿನ ಟಿವಿಗೆ ಅತಿಥಿಗಳು ಫೋನಿಂದ ಕಾಸ್ಟ್ ಮಾಡಬೇಕು (ಫೋನಿನ ವಿಡಿಯೊ ಟಿವಿಗೆ ಕಳಿಸಬೇಕು) ಅಂತಾರೆ, ಐಸೊಲೇಷನ್ ಇದ್ದರೆ ಆಗುತ್ತಾ? ಡೇಟಾ ಉಳಿಸೋಕೆ ರಾತ್ರಿ 11ರಿಂದ 6ರವರೆಗೆ ಗೆಸ್ಟ್ ವೈ-ಫೈ ಆಫ್ ಮಾಡೋ ಶೆಡ್ಯೂಲ್ ಹಾಕಲಾ?


ಎರಡನೇ_ರೂಟರ್:

ಶೆಡ್ಯೂಲ್ ಹಾಕಬೇಡಿ. ನಿಮ್ಮ ಕಡೆ ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲದ ಜಾಗವೇ ಜಾಸ್ತಿ, ಅತಿಥಿಗಳು ಮಾತಾಡೋದು ವೈ-ಫೈ ಕಾಲಿಂಗಲ್ಲಿ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಅವರ ಫೋನಿಗೆ ಅದೊಂದೇ ದಾರಿ. ಅದು ಯುಡಿಪಿ 500 ಮತ್ತು 4500 ಪೋರ್ಟಲ್ಲಿ ಓಡುತ್ತೆ. ಓಎನ್‌ಟಿಯ ಫೈರ್‌ವಾಲ್ ಮಟ್ಟ 'ಹೈ' ಇಟ್ಟು ವೈ-ಫೈ ಕಾಲ್ ಬರ್ತಿಲ್ಲ ಅಂತಾದರೆ 'ಮೀಡಿಯಂ'ಗೆ ಇಳಿಸಿ ನೋಡಿ. ಬೆಳಿಗ್ಗೆ ಹೊರಡುವಾಗ ಯುಪಿಐ ಹಣ ಕಳಿಸೋದೂ ಅದೇ ವೈ-ಫೈಯಲ್ಲಿ, ನಿಮಗೂ ಒಳ್ಳೇದೇ.

ಕಾಸ್ಟ್ ಮಾಡೋಕೆ ಫೋನು, ಟಿವಿ ಒಂದೇ ನೆಟ್‌ವರ್ಕಲ್ಲಿದ್ದು ಒಂದಕ್ಕೊಂದು ಕಾಣಬೇಕು. ಐಸೊಲೇಷನ್ ಇದ್ದರೆ ಟಿವಿ ಹೆಸರೇ ಪಟ್ಟಿಗೆ ಬರಲ್ಲ. ತೆಗೆದರೆ ಒಂದನೇ ರೂಮಿನವರು ಎರಡನೇ ರೂಮಿನ ಟಿವಿಗೆ ಹಾಡು ಕಳಿಸ್ತಾರೆ, ಮಕ್ಕಳಿದ್ದರಂತೂ ಕೇಳಲೇಬೇಡಿ. ಐಸೊಲೇಷನ್ ಹಾಗೇ ಇಟ್ಟು, ಟಿವಿಯಲ್ಲೇ ಇರೋ ಆ್ಯಪ್ ಬಳಸಲಿ, ಲ್ಯಾಪ್‌ಟಾಪಿಗೆ ಮೂರು ಮೀಟರಿನ ಎಚ್‌ಡಿಎಂಐ ಕೇಬಲ್ ಒಂದು ಇಟ್ಟುಬಿಡಿ. ರೂಮು ಖಾಲಿಯಾದಾಗ ಟಿವಿಯಲ್ಲಿ ಅವರ ಖಾತೆ ಲಾಗೌಟ್ ಆಗಿದೆಯಾ ನೋಡಿ.

ಈಗ ಪರೀಕ್ಷೆ ಮಾಡಿ. ಫೋನಿನ ಮೊಬೈಲ್ ಡೇಟಾ ಆಫ್, ಗೆಸ್ಟ್ ವೈ-ಫೈಗೆ ಸೇರಿ. ಬ್ರೌಸರಲ್ಲಿ 192.168.0.1, 192.168.0.50 ಎರಡೂ ತೆರೆಯಬಾರದು. ಫಿಂಗ್ ಥರದ ಸ್ಕ್ಯಾನರ್ ಆ್ಯಪ್ ಹಾಕಿದರೆ ಎನ್‌ವಿಆರ್, ಪ್ರಿಂಟರ್ ಹೆಸರು ಬರಬಾರದು. ಮನೆಯ ಕಡೆಯಿಂದ ಆರ್ಚರಿನ ವೈ-ಫೈಗೆ ಸೇರಿ ಅದೇ 192.168.0.50 ಹೊಡೆದರೆ ತೆರೆಯಬೇಕು. ಇದು ಎರಡನೇ ಸಲ ಯಾಕೆ ಅಂದರೆ, ಎನ್‌ವಿಆರೇ ಆಫ್ ಇದ್ದರೂ ಮೊದಲ ಪರೀಕ್ಷೆ ಪಾಸಾಗುತ್ತೆ.


ಏಲಕ್ಕಿಗಿಡ (ಆಲ್ದೂರು):

ಗೆಸ್ಟ್ ಕಡೆಯಿಂದ ಎರಡೂ ತೆರೆಯಲಿಲ್ಲ, ಮನೆ ಕಡೆಯಿಂದ ತೆರೆಯಿತು. ಆದರೆ ಸ್ಕ್ಯಾನರಲ್ಲಿ ಪ್ರಿಂಟರ್ ಹೆಸರು ಬರ್ತಿದೆ, ಅದರ ಕೇಬಲ್ ಆರ್ಚರಿಗೇ ಹಾಕಿದ್ದೀನಿ.


ರೊಬಸ್ಟಾ_ಅರೇಬಿಕಾ:

ಪ್ರಿಂಟರಿಗೆ ವೈ-ಫೈ ಕೂಡ ಇದೆಯಲ್ಲ? ಹಳೇ ದಿನದಿಂದ ಓಎನ್‌ಟಿಯ ವೈ-ಫೈ ಅದರ ನೆನಪಲ್ಲಿರುತ್ತೆ. ನೀವು ಓಎನ್‌ಟಿಯ ಹೆಸರು, ಪಾಸ್‌ವರ್ಡ್ ಇನ್ನೂ ಬದಲಿಸಿಲ್ಲ ಅಂತ ಕಾಣುತ್ತೆ. ಅದನ್ನ ಬದಲಿಸಿ, ಪ್ರಿಂಟರಿನ ಮೆನುವಲ್ಲಿ ವೈರ್‌ಲೆಸ್ ಮತ್ತು 'ವೈ-ಫೈ ಡೈರೆಕ್ಟ್' ಎರಡೂ ಆಫ್ ಮಾಡಿ ಇನ್ನೊಮ್ಮೆ ಸ್ಕ್ಯಾನ್ ಹೊಡೀರಿ.


ಏಲಕ್ಕಿಗಿಡ (ಆಲ್ದೂರು):

ಹೌದು, ಅದೇ ಆಗಿತ್ತು. ಈಗ ಪಟ್ಟಿಯಲ್ಲಿ ಓಎನ್‌ಟಿ ಒಂದೇ ಕಾಣ್ತಿದೆ. ಫೈಬರ್ ಎಳೆಯೋದು ಮಳೆಗೆ ಮುಂಚೆ, ಅಲ್ಲಿವರೆಗೆ ಗುಡುಗು ಕೇಳಿದ ಕೂಡಲೇ ಕ್ಯಾಟ್6ನ ಎರಡೂ ತುದಿ ಕಿತ್ತಿಡ್ತೀನಿ.